ಆಯಿಯ ಎಡಗಾಲು

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಎಡಗಾಲು ಎಳೆದುಕೊಂಡೇ ನಡೆಯುತ್ತಿದ್ದಳು. ಮೊಣಕಾಲು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ, ಹಿಮ್ಮಡಿ ಪೂರ್ತಿ ಊರುತ್ತಿರಲಿಲ್ಲ. ಚಿಕ್ಕವರಿದ್ದಾಗ ಅದು ನಮಗೆ ವಿಶೇಷ ಅನಿಸಿರಲಿಲ್ಲ, ಓಣಿಯಲ್ಲಿ ಹಾಗೆ ನಡೆಯುವವರು ಇನ್ನೂ ಬಹಳ ಮಂದಿ ಇದ್ದರು. ಬೀಗರೋ ನೆಂಟರೋ ಕೇಳಿದರೆ "ನಾರು ಎದ್ದಿತ್ತು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಕೇಳಿದವರಿಗೂ ಅಷ್ಟು ಸಾಕಿತ್ತು. ಈಗ ನನ್ನ ಮಕ್ಕಳಿಗೆ ಆ ಮಾತು ಹೇಳಿದರೆ ಏನೂ ಅರ್ಥವಾಗುವುದಿಲ್ಲ. ನಾರುಹುಣ್ಣು ಈ ದೇಶ ಬಿಟ್ಟು ಹೋಗಿ ಕಾಲು ಶತಮಾನ ದಾಟಿತು. ಅದನ್ನು ಮೈಮೇಲೆ ಉಂಡವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಆಯಿ ಹೇಳಿದ್ದು, ನಾನು ಕಂಡದ್ದು ಎರಡನ್ನೂ ಇಲ್ಲಿ ಬರೆದಿಡುತ್ತೇನೆ.

ನಮ್ಮದು ಸುರಪುರ ತಾಲ್ಲೂಕಿನ ಒಂದು ಸಣ್ಣ ಊರು. ಆಗ ಗುಲ್ಬರ್ಗಾ ಜಿಲ್ಲೆ, ಈಗ ಯಾದಗಿರಿ. ಕೃಷ್ಣೆ ಬಹಳ ದೂರವೇನೂ ಇಲ್ಲ, ಆದರೆ ಆ ನೀರು ನಮ್ಮ ಬಾಯಿಗೆ ಬರುತ್ತಿರಲಿಲ್ಲ. ಕುಡಿಯಲು ಇದ್ದದ್ದು ಊರ ಹೊರಗಿನ ಪಾವಟಿಗೆ ಬಾವಿ. ಮೂರು ಕಡೆ ಕಲ್ಲಿನ ಗೋಡೆ, ಒಂದು ಕಡೆ ನೀರಿನವರೆಗೂ ಇಳಿಯುವ ಪಾವಟಿಗೆಗಳು. ಹಗ್ಗ ಬೇಡ, ಗಾಲಿ ಬೇಡ. ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು, ಕೊಡ ಮುಳುಗಿಸಿ ಎತ್ತಿ ಸಿಂಬಿಯ ಮೇಲಿಟ್ಟುಕೊಂಡು ಮೇಲೆ ಬರಬೇಕು. ಮಳೆಗಾಲದಲ್ಲಿ ಹತ್ತು ಪಾವಟಿಗೆ ಇಳಿದರೆ ನೀರು ಸಿಗುತ್ತಿತ್ತು, ಬೇಸಿಗೆಯಲ್ಲಿ ತಳದವರೆಗೂ ಹೋಗಬೇಕಿತ್ತು. ಕೇರಿಯವರಿಗೆ ಇಳಿಯುವ ಹಕ್ಕಿರಲಿಲ್ಲ. ಅವರು ಮೇಲೆ ಕೊಡ ಇಟ್ಟುಕೊಂಡು ಯಾರಾದರೂ ಹೊಯ್ದಾರೆಂದು ಕಾಯುತ್ತಿದ್ದರು. ಹೊಯ್ದದ್ದೂ ಅದೇ ನೀರು, ಅವರ ಕಾಲಲ್ಲೂ ಅದೇ ನಾರು.

ಆಯಿಗೆ ತಾನು ಹುಟ್ಟಿದ ವರ್ಷ ಗೊತ್ತಿರಲಿಲ್ಲ. "ರಜಾಕಾರರ ಗದ್ದಲದಾಗ ನಿಮ್ಮಪ್ಪ ಹೊಟ್ಟ್ಯಾಗಿದ್ದ" ಎನ್ನುತ್ತಿದ್ದಳು. ಆ ಗದ್ದಲ ಮುಗಿದು ನಿಜಾಮನ ರಾಜ್ಯ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಆ ಲೆಕ್ಕದಲ್ಲಿ ಆಯಿ ಹುಟ್ಟಿದ್ದು 1930ರ ಆಜುಬಾಜು ಇರಬೇಕು. ಮೈ ನೆರೆಯುವ ಮೊದಲೇ ಮದುವೆಯಾಗಿ ನಮ್ಮೂರಿಗೆ ಬಂದಳು. ತವರಿನಲ್ಲಿ ಸೇದುವ ಬಾವಿ ಇತ್ತು, ಅಲ್ಲಿ ಅವಳು ನಾರು ಕಂಡದ್ದೇ ಇಲ್ಲ. ಗಂಡನ ಮನೆಗೆ ಬಂದ ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ಬೇಸಿಗೆಗೆ ಪಾದದ ಮೇಲೆ ಗುಳ್ಳೆ ಎದ್ದಿತು.

ನಾರು ಏಳುವ ಮೊದಲು ಮೈಯೆಲ್ಲ ತುರಿಕೆ ಹತ್ತುತ್ತದೆ, ಜ್ವರ ಬರುತ್ತದೆ, ಕೆಲವರಿಗೆ ವಾಂತಿಯೂ ಆಗುತ್ತದೆ. ಆಮೇಲೆ ಪಾದದ ಮೇಲೋ, ಕಣಕಾಲಲ್ಲೋ, ಮೀನಖಂಡದಲ್ಲೋ ಒಂದು ಗುಳ್ಳೆ. ಆ ಗುಳ್ಳೆಯ ಉರಿಯನ್ನು ಅನುಭವಿಸಿದವರೇ ಬಲ್ಲರು. ತಡೆಯಲಾರದೆ ಜನ ಕಾಲನ್ನು ನೀರಲ್ಲಿ ಇಡುತ್ತಿದ್ದರು, ಇಟ್ಟ ಕೂಡಲೇ ಹಾಯೆನಿಸುತ್ತಿತ್ತು. ಗುಳ್ಳೆ ಒಡೆದು ಹಾಲಿನಂಥ ರಸ ಬರುತ್ತಿತ್ತು. ಹುಣ್ಣಿನ ನಡುವೆ ಬಿಳಿ ದಾರದ ತುದಿಯಂಥದ್ದು ಇಣುಕುತ್ತಿತ್ತು. ಅದು ಹುಳು. ಎರಡು ಮೊಳದವರೆಗೂ ಉದ್ದ ಇರುವ ಹೆಣ್ಣು ಹುಳು, ಚರ್ಮದಡಿ ಸುತ್ತಿಕೊಂಡು ಮಲಗಿರುತ್ತದೆ. ಎಳೆದರೆ ಬರುವುದಿಲ್ಲ, ಜೋರು ಮಾಡಿದರೆ ಹರಿಯುತ್ತದೆ. ಹರಿದರೆ ಒಳಗುಳಿದ ತುಂಡು ಕೀವಾಗಿ ಕಾಲು ಬಾವುತ್ತದೆ. ದಿನಕ್ಕೆ ಒಂದು ಸುತ್ತು, ಎರಡು ಸುತ್ತು ಕಡ್ಡಿಗೆ ಸುತ್ತುತ್ತ ಹೊರಗೆ ತೆಗೆಯಬೇಕು. ಎಲ್ಲ ನೆಟ್ಟಗಿದ್ದರೆ ಮೂರು ನಾಲ್ಕು ವಾರ, ಕೆಟ್ಟರೆ ಮೂರು ತಿಂಗಳು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎಂಬ ನೆಮ್ಮದಿಯೂ ಇಲ್ಲ. ಒಂದೇ ವರ್ಷ ಮೂರು ಕಡೆ ಎದ್ದವರೂ ನಮ್ಮೂರಲ್ಲಿದ್ದರು.

ಬಂದರೂ ಯಾವಾಗ ಬರುತ್ತಿತ್ತು? ಯುಗಾದಿ ದಾಟಿ ಬಿಸಿಲು ಬಲಿತ ಮೇಲೆ. ರೋಹಿಣಿ ಮಳೆ ಬಿದ್ದು ಎಲ್ಲರೂ ಹೊಲಕ್ಕೆ ಹೋಗಬೇಕೆನ್ನುವಷ್ಟರಲ್ಲಿ ಅರ್ಧ ಊರು ಕಟ್ಟೆ ಮೇಲೆ ಕಾಲು ಚಾಚಿ ಕುಳಿತಿರುತ್ತಿತ್ತು. ಎತ್ತು ಕೊಟ್ಟಿಗೆಯಲ್ಲಿ, ಕೂರಿಗೆ ಗೋಡೆಗೆ. ಹೊಲದ ಹದ ಯಾರಿಗೂ ಕಾಯುವುದಿಲ್ಲ. ಮೂರು ನಾಲ್ಕು ದಿನದಲ್ಲಿ ಬಿತ್ತಬೇಕು, ಇಲ್ಲವೆಂದರೆ ಮುಂದಿನ ಮಳೆ ನಂಬಿ ಕೂಡಬೇಕು. ಬೇರೆ ಕಡೆಯಾದರೆ ಮುಯ್ಯಾಳು ಮಾಡಿ ಒಬ್ಬರ ಹೊಲ ಇನ್ನೊಬ್ಬರು ಬಿತ್ತಿಕೊಡುತ್ತಾರೆ. ನಮ್ಮೂರಲ್ಲಿ ಮುಯ್ಯಿಗೆ ಬರುವವನ ಕಾಲಲ್ಲೂ ಕಡ್ಡಿ ಇರುತ್ತಿತ್ತು.

ಆಯಿಯ ಗಂಡ, ನಮ್ಮ ಮುತ್ಯಾ, ಸತ್ತದ್ದು ಕರ್ನಾಟಕ ಒಂದಾದ ಒಂದೆರಡು ವರ್ಷಕ್ಕೆ. ಅವನಿಗೆ ಕಣಕಾಲಿನ ಒಳಮಗ್ಗುಲಿಗೆ ನಾರು ಎದ್ದಿತ್ತು. ಅರ್ಧ ಹೊರಗೆ ಬಂದಿತ್ತು. ಹುಣ್ಣು ಆರಲೆಂದು ಯಾರೋ ಹೇಳಿದಂತೆ ಸಗಣಿ ಹಚ್ಚಿ ಬಟ್ಟೆ ಕಟ್ಟಿದರು. ಎಂಟು ಹತ್ತು ದಿನಕ್ಕೆ ರೊಟ್ಟಿ ತಿನ್ನಲು ದವಡೆ ತೆರೆಯುವುದಿಲ್ಲ ಎಂದನಂತೆ. ಮರುದಿನ ಬಾಯಿ ಕಚ್ಚಿತು, ಬೆನ್ನು ಬಿಲ್ಲಿನಂತೆ ಬಾಗಿತು. ಮನೆಯಲ್ಲಿ ತಟ್ಟೆ ಸಪ್ಪಳವಾದರೂ ಮೈಯೆಲ್ಲ ಸೆಟೆಯುತ್ತಿತ್ತು. ಬಂಡಿಯಲ್ಲಿ ಹಾಕಿಕೊಂಡು ಸುರಪುರದ ದಾರಿ ಹಿಡಿದರು, ಅರ್ಧ ದಾರಿಯಿಂದ ಹಿಂದಕ್ಕೆ ಬಂದರು. ಅದು ಧನುರ್ವಾಯು ಎಂದು ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ. ಊರವರು ಬೇರೆಯೇ ಹೇಳಿದರು. ಹಿಂದಿನ ವರ್ಷ ಮುತ್ಯಾ ಗಳೆ ಹೊಡೆಯುವಾಗ ಒಂದು ಹಾವು ಕುಡದ ಬಾಯಿಗೆ ಸಿಕ್ಕು ಸತ್ತಿತ್ತಂತೆ. ನಾರೂ ಹಾವಿನ ಹಾಗೇ ಇರುತ್ತದಲ್ಲ, ಇದು ನಾಗನ ಸಿಟ್ಟು ಎಂದರು. ಆಯಿ ನಂಬಿದಳು. ನಂಬದೆ ಬೇರೇನು ಮಾಡಬೇಕಿತ್ತು? ಅವಳಿಗೆ ಬೇರೆ ಕಾರಣ ಹೇಳಿದವರು ಯಾರೂ ಇರಲಿಲ್ಲ. ಬೆಳ್ಳಿಯ ನಾಗಪ್ಪ ಮಾಡಿಸಿ ಕೊಡುತ್ತೇನೆಂದು ಹರಕೆ ಹೊತ್ತು, ಕೊರಳಲ್ಲಿದ್ದ ಗುಂಡು ಮಾರಿ ತೀರಿಸಿದಳು.

ಆಗ ಅಪ್ಪನಿಗೆ ಒಂಬತ್ತು ವರ್ಷ, ಅವನ ತಂಗಿಗೆ ಐದು. ಹೊಲ ಆರು ಎಕರೆ. ಕೂರಿಗೆ ಹಿಡಿಯಲು ಗಂಡಾಳು ಕೂಲಿಗೆ ಸಿಕ್ಕರೂ, ಹಿಂದೆ ನಡೆದು ಬಟ್ಟಲಿಗೆ ಕಾಳು ಬಿಡುವವಳು ಆಯಿಯೇ. ಮೂರು ತಾಳಿನ ಕೂರಿಗೆಯಲ್ಲಿ ಕಾಳು ಸಮ ಬೀಳಬೇಕಾದರೆ ಬಿಡುವ ಕೈ ನಡುಗಬಾರದು, ನಡೆಯುವ ಕಾಲು ತಡವರಿಸಬಾರದು. ಎರಡು ವರ್ಷ ಹೇಗೋ ನಡೆಯಿತು. ಮೂರನೆಯ ವರ್ಷ ಮಿರಗ ಮಳೆಗೆ ಮೂರು ದಿನ ಮೊದಲು ಅವಳ ಎಡ ಮೀನಖಂಡದಲ್ಲಿ ನಾರು ಎದ್ದಿತು.

ಆಯಿಯ ಮಾತಿನಲ್ಲೇ ಹೇಳಿದರೆ, "ಮಳಿ ಛಲೋ ಆಗಿತ್ತು. ಮಂದಿ ಹೊಲದಾಗ ಹೊಂಟಿದ್ರು. ನಾ ಕುಂತ್ರ ಹುಡುಗ್ರು ಏನ್ ತಿಂತಾವ?" ಗೇಣುದ್ದ ಹೊರಗೆ ಬಂದಿದ್ದ ನಾರನ್ನು ತೊಗರಿ ಕಡ್ಡಿಗೆ ಸುತ್ತಿ, ಆ ಕಡ್ಡಿಯನ್ನು ಕಾಲಿಗೇ ಅರಿವೆಯಿಂದ ಬಿಗಿದು ಕಟ್ಟಿಕೊಂಡಳು. ಉಡಿಯಲ್ಲಿ ಸಜ್ಜೆ ಕಾಳು ತುಂಬಿಕೊಂಡು ಕೂರಿಗೆಯ ಹಿಂದೆ ನಡೆದಳು. ಮೊದಲ ದಿನ ಎರಡು ಎಕರೆ ಆಯಿತು. ರಾತ್ರಿ ಕಟ್ಟು ಬಿಚ್ಚಿದರೆ ಕಾಲು ಬಾತಿತ್ತು, ಆದರೆ ಕಡ್ಡಿ ಇದ್ದಲ್ಲೇ ಇತ್ತು. ಎರಡನೆಯ ದಿನ ನಡುಹಗಲಿಗೆ ಹಸಿ ಹೆಂಟೆಯಲ್ಲಿ ಕಾಲು ಜಾರಿತು. ಅರಿವೆ ಸರಿದು ಕಡ್ಡಿ ಹೆಂಟೆಗೆ ಸಿಕ್ಕಿತು. ಮೀನಖಂಡದೊಳಗೆ ಏನೋ ಪಟ್ಟನೆ ಕಿತ್ತಂತಾಯಿತಂತೆ. ಬಗ್ಗಿ ನೋಡಿದರೆ ಕಡ್ಡಿ ನೆಲದ ಮೇಲೆ ಬಿದ್ದಿತ್ತು, ಅದಕ್ಕೆ ಸುತ್ತಿದ್ದ ತುಂಡು ಅಷ್ಟೇ ಇತ್ತು. ಆಯಿ ಹಾಗೇ ನಡೆದು ಆ ಸಾಲು ಮುಗಿಸಿದಳು. "ಎತ್ತು ನಡು ಹೊಲದಾಗ ನಿಂದರಿಸಬಾರದು" ಎನ್ನುತ್ತಿದ್ದಳು, ಈ ಕಥೆ ಹೇಳಿದಾಗಲೆಲ್ಲ.

ಮೂರನೆಯ ದಿನಕ್ಕೆ ತೊಡೆಯವರೆಗೆ ಬಾವು. ಜ್ವರದಲ್ಲಿ ಏನೇನೋ ಮಾತಾಡುತ್ತಿದ್ದಳಂತೆ. ಮೀನಖಂಡ ಎರಡು ಕಡೆ ಒಡೆದು ಕೀವು ಹರಿಯಿತು. ಬೇವಿನೆಲೆ ಅರೆದು ಕಟ್ಟಿದರು, ಎಕ್ಕೆಲೆ ಕಾಯಿಸಿ ಹಾಕಿದರು. ಊರ ಮುದುಕನೊಬ್ಬ ಕುಡುಗೋಲು ಕಾಯಿಸಿ ಬರೆ ಹಾಕಿದ. ಎಲ್ಲಕ್ಕೂ ಮೊದಲು ಹುಣ್ಣಿಗೆ ಸಗಣಿ ಮುಟ್ಟಿಸಬೇಡಿ ಎಂದು ಕೈಮುಗಿದಿದ್ದಳು. ಗಂಡನ ಸಾವಿನಿಂದ ಕಲಿತದ್ದು ಅದೊಂದು. ಶ್ರಾವಣ ಬಂದರೂ ಹಾಸಿಗೆ ಬಿಡಲಿಲ್ಲ. ಆ ದಿನಗಳಲ್ಲಿ ಮೊಣಕಾಲು ಮಡಚಿಟ್ಟರೆ ನೋವು ಕಡಿಮೆ, ಅದಕ್ಕೆ ಮಡಚಿಯೇ ಮಲಗುತ್ತಿದ್ದಳು. ಎದ್ದು ನಿಲ್ಲುವ ಹೊತ್ತಿಗೆ ಕೀಲು ಹಿಡಿದುಬಿಟ್ಟಿತ್ತು. ಅಲ್ಲಿಂದ ಕೊನೆಯವರೆಗೂ ಅದೇ ನಡಿಗೆ.

ಬಿತ್ತಿದ ಮೂರು ಎಕರೆಗೆ ಎಡೆ ಹೊಡೆಯುವವರಿಲ್ಲ, ಕಳೆ ತೆಗೆಯುವವರಿಲ್ಲ. ಉಳಿದ ಮೂರು ಎಕರೆ ಬೀಳು. ಸಜ್ಜೆಗಿಂತ ಕಸ ಎತ್ತರ ಬೆಳೆಯಿತು. ದೀಪಾವಳಿ ಹೊತ್ತಿಗೆ ಮನೆಯಲ್ಲಿ ಕಾಳಿರಲಿಲ್ಲ. ಸಾಹುಕಾರನ ಹತ್ತಿರ ಜೋಳ ತಂದರು, ಸುಗ್ಗಿಗೆ ದೀಡಪಟ್ಟು ಕೊಡುವ ಕರಾರು. ಚೀಲಕ್ಕೆ ಒಂದೂವರೆ ಚೀಲ. ಸುಗ್ಗಿಯೇ ಇಲ್ಲದವರು ಕೊಡುವುದೆಲ್ಲಿಂದ? ಮರುವರ್ಷ ಎರಡು ಎಕರೆ ಗಿರವಿಗೆ ಹೋಯಿತು. ಅಪ್ಪನನ್ನು ಶಾಲೆ ಬಿಡಿಸಿ ಊರ ದೊಡ್ಡ ಮನೆಯೊಂದರಲ್ಲಿ ಸಂಬಳದಾಳು ಇಟ್ಟರು. ವರ್ಷಕ್ಕೆ ಇಷ್ಟು ಜೋಳ, ಒಂದು ಜೊತೆ ಧೋತರ, ಕಾಲಿಗೆ ಚಪ್ಪಲಿ. ಹನ್ನೆರಡು ವರ್ಷದ ಹುಡುಗನಿಗೆ ನಸುಕಿನಲ್ಲಿ ಎದ್ದು ಆ ಮನೆಯ ದನ ಕಟ್ಟುವ, ಸಗಣಿ ಬಳಿಯುವ ಕೆಲಸ. ಅವನಿಗೂ ನಾರು ಏಳುತ್ತಿತ್ತು. ಎದ್ದಾಗ ಕುಳಿತ ದಿನಗಳ ಜೋಳ ಕಡಿತ.

ಸಾಹುಕಾರನ ಮೇಲಾಗಲಿ, ಆ ದೊಡ್ಡ ಮನೆಯವರ ಮೇಲಾಗಲಿ ಆಯಿ ಒಂದು ದಿನವೂ ಕೆಟ್ಟ ಮಾತಾಡಿದ್ದಿಲ್ಲ. "ಅವ್ರರ ಕೊಟ್ರು, ಇಲ್ಲಂದ್ರ ಸಾಯ್ತಿದ್ವಿ" ಎನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿದ್ದದ್ದು ಈ ಮಾತಿಗೇ.

1972ರ ಬರದ ಹೊತ್ತಿಗೆ ಅಪ್ಪನ ಮದುವೆಯಾಗಿತ್ತು, ನಾನು ಕೂಸು. ಆ ಬರವನ್ನು ನಮ್ಮ ಕಡೆಯವರು ಇವತ್ತಿಗೂ ಮರೆತಿಲ್ಲ. ಸರಕಾರ ಬರಗಾಲದ ಕಾಮಗಾರಿ ತೆಗೆಯಿತು. ಕೆರೆ ಹೂಳು ಎತ್ತುವುದು, ರಸ್ತೆಗೆ ಖಡಿ ಒಡೆಯುವುದು. ಮಣ್ಣು ಹೊರಲು ಕಾಲು ಬೇಕು, ಖಡಿಯನ್ನು ಕುಳಿತೇ ಒಡೆಯಬಹುದು. ಆಯಿ ಖಡಿಗೆ ಹೋದಳು. ಎಡಗಾಲು ಆದಷ್ಟು ಚಾಚಿ, ಬಲಗಾಲು ಮಡಚಿ, ನಡುವೆ ಕಲ್ಲಿಟ್ಟುಕೊಂಡು ಹೊತ್ತು ಮುಳುಗುವವರೆಗೆ ಸುತ್ತಿಗೆ ಬೀಸುತ್ತಿದ್ದಳಂತೆ. "ಆ ವರ್ಷ ನಂದೂ ಆಳಿನ ಲೆಕ್ಕದಾಗ ಬಂತು" ಎಂದು ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆ ಇರುತ್ತಿತ್ತು. ಪಾಳಿ ಲೆಕ್ಕದಲ್ಲಿ ಹೆಸರು ಕೂಗಿ ಕೈಗೆ ರೊಕ್ಕ ಕೊಟ್ಟದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

ಆದರೆ ಆ ಬರದಲ್ಲಿ ಸುತ್ತಲಿನ ಬಾವಿಗಳೆಲ್ಲ ಬತ್ತಿ, ಎರಡು ಊರಿನ ಜನ ನಮ್ಮ ಪಾವಟಿಗೆ ಬಾವಿಗೇ ಬಂದರು. ತಳದಲ್ಲಿ ಇದ್ದ ಮೊಣಕಾಲುದ್ದ ರಾಡಿ ನೀರಿಗೆ ನೂರಾರು ಕಾಲು. ಮರುವರ್ಷ ಮಳೆ ಬಂತು, ನಾರೂ ಬಂತು. ಅಷ್ಟು ಮಂದಿಗೆ ಒಟ್ಟಿಗೆ ಎದ್ದದ್ದು ತಾನು ಎಂದೂ ನೋಡಿರಲಿಲ್ಲ ಎನ್ನುತ್ತಿದ್ದಳು ಆಯಿ. ಬರ ಕಳೆದು ಮಳೆ ಬಿದ್ದ ವರ್ಷವೇ ಬಿತ್ತುವವರಿಲ್ಲದೆ ಹೊಲಗಳು ಖಾಲಿ ಬಿದ್ದವು. ನಮ್ಮ ಇನ್ನೆರಡು ಎಕರೆ ಹೋದದ್ದು ಆಗ.

ನನಗೆ ನಾರು ಎದ್ದದ್ದು ಎಂಟೋ ಒಂಬತ್ತೋ ವರ್ಷದವನಿದ್ದಾಗ, ಬಲಗಾಲಿನ ಕಣಕಾಲಿಗೆ. ಅಷ್ಟು ಹೊತ್ತಿಗೆ ಊರಲ್ಲಿ ನಾರು ತೆಗೆಯುವುದರಲ್ಲಿ ಆಯಿಯದು ಎತ್ತಿದ ಕೈ. ಬೆಳಗ್ಗೆ ರೊಟ್ಟಿ ಬಡಿದು ಮುಗಿಸಿ ನನ್ನನ್ನು ಹೊಸ್ತಿಲ ಮೇಲೆ ಕೂರಿಸುತ್ತಿದ್ದಳು. ಮೊದಲು ಹಸಿ ಅರಿವೆ ಹುಣ್ಣಿನ ಮೇಲಿಟ್ಟು ನೆನೆಸುವುದು. ಆಮೇಲೆ ಕೊಬ್ಬರಿ ಎಣ್ಣೆ ಸವರಿದ ಬೆರಳಿನಿಂದ ಹುಣ್ಣಿನ ಸುತ್ತ ಮೆಲ್ಲಗೆ ಒತ್ತುವುದು, ಮೀನಖಂಡದ ಕಡೆಯಿಂದ ಕೆಳಕ್ಕೆ. ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸುವುದು. ತಿರುಗಿಸುವಾಗ ಅವಳು ಕಾಲು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಹುಬ್ಬು ಗಂಟಾದರೆ ಕೈ ನಿಲ್ಲುತ್ತಿತ್ತು. ಹುಳು ಒಳಗಿನಿಂದ ಬಿಗಿ ಹಿಡಿದರೆ ಅವತ್ತಿಗೆ ಸಾಕು. "ಅದಕ್ಕ ಅವಸರ ಇಲ್ಲ, ನಮಗೂ ಬ್ಯಾಡ" ಎಂದು ಕಡ್ಡಿಯನ್ನು ಚರ್ಮಕ್ಕೆ ಒತ್ತಿಟ್ಟು ಮೇಲೆ ಹತ್ತಿಯ ಎಳೆ ಸುತ್ತುತ್ತಿದ್ದಳು. ಕೊನೆಯ ದಿನ ಬಾಲ ಹೊರಬಂದಾಗ ಕಡ್ಡಿಯನ್ನು ಒಲೆಗೆ ಹಾಕಿ, ಚಟ್ ಎಂದು ಸಪ್ಪಳವಾಗುವವರೆಗೂ ನಿಂತು ನೋಡಿದಳು. ನನ್ನ ಕಣಕಾಲಿನ ಮೇಲೆ ಈಗ ಉಳಿದಿರುವುದು ಕಡಲೆಕಾಳಿನಷ್ಟು ಬಿಳಿ ಕಲೆ. ನನ್ನ ಕಾಲು ನೆಟ್ಟಗಿರುವುದು ಅವಳ ಬೆರಳಿನಿಂದ.

ಆ ತಿಂಗಳೆಲ್ಲ ಉರಿ ತಡೆಯಲಾರದೆ ನಾನು ಬಾವಿಗೆ ಹೋಗಿ ಪಾವಟಿಗೆ ಮೇಲೆ ಕುಳಿತು ಕಾಲು ನೀರಲ್ಲಿ ಇಳಿಬಿಡುತ್ತಿದ್ದೆ. ನನ್ನ ಪಕ್ಕದಲ್ಲಿ ಇನ್ನೂ ನಾಲ್ಕೈದು ಹುಡುಗರು. ಯಾರೂ ಬೇಡ ಎನ್ನಲಿಲ್ಲ. ಆಯಿಯೇ ಕಳಿಸುತ್ತಿದ್ದಳು.

ಆರೋಗ್ಯ ಇಲಾಖೆಯವರು ನಮ್ಮೂರಿಗೆ ಬಂದದ್ದು 1985ರ ಸುಮಾರಿಗೆ. ನಾರುಹುಣ್ಣು ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ ಒಂದೆರಡು ವರ್ಷವಾಗಿತ್ತು. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಮನೆ ಮನೆಗೆ ಹೋಗಿ ಎಣಿಸುವ ಕೆಲಸ. ನಮ್ಮಲ್ಲಿಗೆ ಬಂದವನು ಇನ್ನೂ ಮೀಸೆ ಬಲಿಯದ ಹುಡುಗ. ಚಾವಡಿಯ ಮುಂದೆ ಜನ ಸೇರಿಸಿ, ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬಿಸಿಲಿಗೆ ಹಿಡಿದ. ನೀರಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಜಿಗಿಜಿಗಿದು ಓಡಾಡುತ್ತಿದ್ದವು. ಕಂಡವರೆಲ್ಲ ನಕ್ಕರು. ಇದನ್ನು ದಿನಾ ನೋಡುತ್ತೇವೆ, ಇದರಲ್ಲೇನಿದೆ? ಅವನು ಚಿತ್ರದ ಹಾಳೆ ತೋರಿಸುತ್ತ ಒಂದೊಂದಾಗಿ ಹೇಳಿದ. ಇದಕ್ಕೆ ಸೈಕ್ಲಾಪ್ಸ್ ಎನ್ನುತ್ತಾರೆ, ನೀರಿನ ಚಿಗಟ. ನಾರು ಎದ್ದ ಕಾಲನ್ನು ನೀರಲ್ಲಿಟ್ಟರೆ ಹುಳು ಲಕ್ಷಗಟ್ಟಲೆ ಮರಿ ಬಿಡುತ್ತದೆ, ಆ ಹಾಲಿನಂಥ ರಸವೇ ಅದು. ಮರಿಗಳನ್ನು ಈ ಚಿಗಟ ತಿನ್ನುತ್ತದೆ. ಆ ಚಿಗಟ ಇರುವ ನೀರನ್ನು ನೀವು ಕುಡಿಯುತ್ತೀರಿ. ಹೊಟ್ಟೆಯಲ್ಲಿ ಚಿಗಟ ಸಾಯುತ್ತದೆ, ಮರಿ ಉಳಿಯುತ್ತದೆ. ಮೈಯೊಳಗೆ ಬೆಳೆದು ಒಂದು ವರ್ಷಕ್ಕೆ ಕಾಲಿಗಿಳಿಯುತ್ತದೆ. ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿ ಕುಡಿಯಿರಿ. ನಾರು ಎದ್ದವರು ಬಾವಿಗೆ ಇಳಿಯಬೇಡಿ. ಇಷ್ಟೇ. ಇದಕ್ಕೆ ಔಷಧಿ ಇಲ್ಲ, ಲಸಿಕೆಯೂ ಇಲ್ಲ, ಬೇಕಾಗಿಯೂ ಇಲ್ಲ.

ಚಾವಡಿಯಲ್ಲಿ ಗದ್ದಲ ಆಯಿತು. ಕೆಲವರು ನಂಬಲಿಲ್ಲ. ಆಯಿ ಕಂಬಕ್ಕೆ ಆತು ಕುಳಿತಿದ್ದಳು. ಬೆರಳು ಮಡಚಿ ಏನೋ ಎಣಿಸುತ್ತಿದ್ದಳು. ಮದುವೆಯಾಗಿ ಬಂದ ಮೊದಲ ವರ್ಷ ಏನೂ ಇಲ್ಲ, ಎರಡನೆಯ ವರ್ಷ ಗುಳ್ಳೆ. ಬರದ ವರ್ಷ ಎರಡೂರಿನ ಜನ ಇಳಿದದ್ದು, ಮರುವರ್ಷ ಊರೆಲ್ಲ ಮಲಗಿದ್ದು. ಲೆಕ್ಕ ಹತ್ತಿತು. ಆ ಹುಡುಗನನ್ನು ಹತ್ತಿರ ಕರೆದು ಕೇಳಿದಳು, "ಅರಿವ್ಯಾಗ ಸೋಸಿ ಕುಡುದ್ರ ಬರಾಂಗಿಲ್ಲೇನು?" ಬರುವುದಿಲ್ಲ ಎಂದ. "ಇದು ನಿಮಗ ಯಾವಾಗ ಗೊತ್ತಾತು?" ಬಹಳ ಹಿಂದೆಯೇ ಗೊತ್ತಿತ್ತಮ್ಮ ಎಂದ ಅವನು, ಪಾಪ, ನಿಜ ಹೇಳಿಬಿಟ್ಟ. ಆಯಿಯ ದನಿ ಏರಿತು. "ಮತ್ತ ಇಷ್ಟ್ ದಿನ ಎಲ್ಲಿ ಹೋಗಿದ್ರಪಾ ನೀವು? ನನ್ನ ಗಂಡನ್ನ ಮಣ್ಣಿಗಿಟ್ಟ ಮ್ಯಾಲ ಬಂದೀರಲ್ಲ, ಅರಿವಿ ಒಂದು ಹೇಳಾಕ!" ಹುಡುಗ ತಲೆ ತಗ್ಗಿಸಿದ. ಅವಳು ಅಷ್ಟು ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅವಳ ಪ್ರಶ್ನೆಗೆ ಉತ್ತರ ನನಗೆ ಪುಸ್ತಕಗಳಲ್ಲಿ ಸಿಕ್ಕಿತು. ಈ ಹುಳು ನೀರಿನ ಚಿಗಟದ ಮೂಲಕ ಹರಡುತ್ತದೆ ಎಂಬುದನ್ನು ಫೆಡ್ಚೆಂಕೊ ಎಂಬ ರಷ್ಯನ್ ವಿಜ್ಞಾನಿ 1870ರಲ್ಲೇ ತುರ್ಕಿಸ್ತಾನದಲ್ಲಿ ಕಂಡುಕೊಂಡಿದ್ದ. ಬುಖಾರಾ ನಗರದಲ್ಲೂ ನಮ್ಮಂತೆಯೇ ಮೆಟ್ಟಿಲಿಳಿದು ತುಂಬುವ ಕೊಳಗಳಿದ್ದವು. ಅವನ್ನು ಸರಿಪಡಿಸಿ ಅಲ್ಲಿನವರು 1930ರ ದಶಕದ ಮೊದಲಲ್ಲೇ ನಾರಿನಿಂದ ಬಿಡುಗಡೆ ಪಡೆದರು. ಆಯಿ ಆಗಷ್ಟೇ ಹುಟ್ಟಿದ್ದಳು. ಗಟ್ಟಿಯಾಗಿ ನೇಯ್ದ ಅರಿವೆಯ ತುಂಡೊಂದು ಅಲ್ಲಿಂದ ನಮ್ಮೂರಿಗೆ ಬರಲು ಅವಳ ಅರ್ಧಕ್ಕೂ ಹೆಚ್ಚು ಆಯುಷ್ಯ ಹಿಡಿಯಿತು. ಕಾರಣ ಕಷ್ಟದ್ದೇನಲ್ಲ. ಸಿಡುಬು, ಪ್ಲೇಗು, ಕಾಲರಾ ಊರಿಗೆ ಊರನ್ನೇ ಒಯ್ಯುತ್ತಿದ್ದವು, ಪೇಟೆಗೂ ನುಗ್ಗುತ್ತಿದ್ದವು. ನಾರು ಜನರನ್ನು ಮಲಗಿಸುತ್ತಿತ್ತು ಅಷ್ಟೇ. ಅದೂ ನಲ್ಲಿ ನೀರಿಲ್ಲದ ಹಳ್ಳಿಯವರನ್ನು ಮಾತ್ರ. ಮಲಗಿದವರ ಪಟ್ಟಿ ಯಾವ ಕಚೇರಿಯಲ್ಲೂ ಇರಲಿಲ್ಲ. ಮುತ್ಯಾನ ಹಾಗೆ ಸತ್ತವರ ಲೆಕ್ಕವೂ ನಾರಿನ ಖಾತೆಗೆ ಬರಲಿಲ್ಲ.

ಆಮೇಲಿನದು ಬೇಗ ಬೇಗ ನಡೆಯಿತು. ಊರಿಗೆ ಕೈಪಂಪು ಹಾಕಿದರು. ಆ ನೀರು ಗಡಸು, ಬ್ಯಾಳಿ ಬೇಯುವುದಿಲ್ಲ ಎಂದು ಹೆಂಗಸರು ಮತ್ತೆ ಬಾವಿಗೇ ಹೋದರು. ಬಾವಿಗೆ ಟೆಮಿಫಾಸ್ ಔಷಧಿ ಬಿಟ್ಟರೆ ವಾಸನೆ ಎಂದು ಜಗಳ ಬಿತ್ತು. ಕೊನೆಗೆ ಪಾವಟಿಗೆಗೆ ಅಡ್ಡ ಗೋಡೆ ಕಟ್ಟಿ, ಮೇಲೆ ಗಾಲಿ ಹಾಕಿ ಅದನ್ನೇ ಸೇದುವ ಬಾವಿ ಮಾಡಿದರು. ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಗೋಡೆ ಕಟ್ಟುವ ದಿನ ಆಯಿ ಕಲ್ಲು ಕೊಡಲು ಹೋಗಿ ಕುಳಿತಿದ್ದಳು, ಖಡಿ ಒಡೆದ ಕೈ. ನಾಗರ ಪಂಚಮಿಗೆ ಹಾಲೆರೆಯುವುದನ್ನು ಮಾತ್ರ ಬಿಡಲಿಲ್ಲ. "ಹಾವು ಬ್ಯಾರೆ, ನಾರು ಬ್ಯಾರೆ, ಈಗ ತಿಳೀತು" ಎಂದಳು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ನಮ್ಮೂರಲ್ಲಿ ಹೊಸದಾಗಿ ನಾರು ಏಳುವುದು ನಿಂತೇಹೋಯಿತು.

1984ರಲ್ಲಿ ದೇಶದಲ್ಲಿ ಎಣಿಕೆಗೆ ಸಿಕ್ಕ ನಾರುಹುಣ್ಣಿನ ರೋಗಿಗಳು ಸುಮಾರು 40 ಸಾವಿರ. ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಮುಕ್ತ ಎಂದು ಪ್ರಮಾಣಪತ್ರ ಕೊಟ್ಟಿತು. ಒಂದು ಮಾತ್ರೆಯೂ ಇಲ್ಲದೆ ಒಂದು ರೋಗವನ್ನು ದೇಶದಿಂದ ಕಳಿಸಿದ ಈ ಕೆಲಸ ದೊಡ್ಡದು, ಅದನ್ನು ಮಾಡಿದ ಆ ಹುಡುಗನಂಥವರಿಗೆ ನಾನು ಋಣಿ. ಆದರೆ ಆ 40 ಸಾವಿರದಲ್ಲಿ ಆಯಿ ಇಲ್ಲ. ಎಣಿಸಲು ಶುರು ಮಾಡಿದ ವರ್ಷ ಅವಳಿಗೆ ನಾರು ಎದ್ದಿರಲಿಲ್ಲ.

ಪ್ರಮಾಣಪತ್ರ ಬಂದ ಮೂರು ನಾಲ್ಕು ವರ್ಷದ ನಂತರ ಆಯಿ ಅಂಗಳದಲ್ಲಿ ಬಿದ್ದಳು. ಪೇಟೆಯ ಆಸ್ಪತ್ರೆಗೆ ಕರೆದೊಯ್ದು ಕಾಲಿನ ಎಕ್ಸರೇ ತೆಗೆಸಿದೆವು. ಎಲುಬು ಮುರಿದಿರಲಿಲ್ಲ. ಆದರೆ ಪ್ರಾಯದ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಹುಬ್ಬೇರಿಸಿದರು. ಎಡ ಮೀನಖಂಡದಲ್ಲಿ ಬಿಳಿ ಗೆರೆಯೊಂದು ಸುರುಳಿ ಸುತ್ತಿಕೊಂಡಿತ್ತು. "ಅಜ್ಜಿಗೆ ಹಿಂದೆ ಆಪರೇಶನ್ ಆಗಿತ್ತಾ? ತಂತಿ ಏನಾದರೂ ಹಾಕಿದ್ದಾರಾ?" ಎಂದು ಕೇಳಿದರು. ಆಯಿಗೆ ಕಣ್ಣು ಮಂಜಾಗಿತ್ತು, ಫಿಲ್ಮನ್ನು ಮೂಗಿನ ಹತ್ತಿರ ಹಿಡಿದುಕೊಂಡು ನೋಡಿದಳು. ಒಳಗೇ ಸತ್ತ ನಾರು ಕಾಲಾನಂತರ ಸುಣ್ಣಗಟ್ಟಿ ಕುಳಿತುಬಿಡುತ್ತದೆ ಎಂದು ನಾನು ಓದಿದ್ದೆ. ಅದನ್ನು ಹೇಳುವ ಮೊದಲೇ ಅವಳು ಗುರುತು ಹಿಡಿದಳು. "ಇದು ಬಿತ್ತಾಗ ಹರಕೊಂಡಿದ್ದು. ಇನ್ನರ್ಧ ಹೊಲದಾಗ ಬಿದ್ದದ" ಎಂದು ಡಾಕ್ಟರಿಗೆ ಹೇಳಿದಳು. ಅವರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದ ಮೇಲೆ, ಇದನ್ನು ಪುಸ್ತಕದಲ್ಲಿ ಓದಿದ್ದೆ, ರೋಗಿಯಲ್ಲಿ ನೋಡಿದ್ದು ಇದೇ ಮೊದಲು ಎಂದರು. ಹಾಗೆ ಹೇಳುವ ಡಾಕ್ಟರು ನಮ್ಮ ಸೀಮೆಯಲ್ಲಿ ಇದ್ದಾರೆಂಬುದೇ ದೊಡ್ಡ ಸಂಗತಿ ಎಂದು ಆಗ ಅನಿಸಿತು.

ಆಯಿ ತೀರಿಕೊಂಡು ಬಹಳ ವರ್ಷವಾಯಿತು. ನಾರಾಯಣಪುರ ಅಣೆಕಟ್ಟು 1982ರಲ್ಲಿ ಮುಗಿದ ಮೇಲೆ ಕಾಲುವೆ ನಮ್ಮ ಕಡೆಗೂ ಬಂತು. ಗಿರವಿಯಿಂದ ಬಿಡಿಸಿಕೊಳ್ಳಲಾಗದೆ ಕೈಬಿಟ್ಟ ಆ ನಾಲ್ಕು ಎಕರೆಯಲ್ಲಿ ಈಗ ಭತ್ತ ಬೆಳೆಯುತ್ತಾರೆ. ಕೊಂಡವರು ಒಳ್ಳೆಯವರೇ, ಮದುವೆ ಮುಂಜಿಗೆ ಬಂದು ಹೋಗುತ್ತಾರೆ, ಅವರ ಮೇಲೆ ನಮಗೆ ದೂರಿಲ್ಲ. ಅಪ್ಪನಿಗೆ ಇವತ್ತಿಗೂ ಸಹಿ ಬಿಟ್ಟರೆ ಬೇರೇನೂ ಬರೆಯಲು ಬಾರದು. ಪಹಣಿಯಲ್ಲಿ ನಮ್ಮ ಹೆಸರಿಗೆ ಎರಡು ಎಕರೆ ಇದೆ. ಹೊಲ ಎಲ್ಲಿ ಹೋಯಿತೆಂದು ಯಾರಾದರೂ ಕೇಳಿದರೆ ಅಪ್ಪ "ಸಾಲಕ್ಕೆ ಹೋಯಿತು" ಎನ್ನುತ್ತಾನೆ. ಊರವರೂ ಹಾಗೆಯೇ ಹೇಳುತ್ತಾರೆ, ಕೆಲವರು ಗಂಡಸಿಲ್ಲದ ಮನೆ ಹಾಗೇ ಎಂದು ಸೇರಿಸುತ್ತಾರೆ. ಆಯಿ ಬಿತ್ತಿದಳು, ಖಡಿ ಒಡೆದಳು, ಮಗನನ್ನು ಆಳು ಇಟ್ಟಳು, ಇದ್ದ ಗುಂಡು ಮಾರಿದಳು. ಅವಳಿಂದ ತಪ್ಪಿಹೋದದ್ದು ಒಂದೂ ಇಲ್ಲ. ಆ ಹೊಲ ಹೋದದ್ದು ನಾರಿಗೆ, ನೂರು ವರ್ಷ ಮೊದಲೇ ಕಟ್ಟಬಹುದಾಗಿದ್ದ ಒಂದು ಗೋಡೆಯನ್ನು ಯಾರೂ ಕಟ್ಟದೆ ಬಿಟ್ಟದ್ದಕ್ಕೆ. ನನ್ನ ಮಕ್ಕಳು ಕೇಳಿದಾಗ ನಾನು ಹಾಗೆಂದೇ ಹೇಳುತ್ತೇನೆ.